ರಾಯರ ಕೆರೆಯ 9 ವರ್ಷ, ಬ್ಯಾಂಕಿನ 250 ರೂಪಾಯಿ

ನಿಮ್ಮ ಫೋನಿಗೂ ಬಂದಿರುತ್ತೆ ಆ ಮೆಸೇಜು. ನಮ್ಮ ಬ್ಯಾಂಕಿಗೆ ಬನ್ನಿ, ಖಾತೆ ತೆರೆಯಿರಿ, ಇಷ್ಟು ರೂಪಾಯಿ ನಿಮ್ಮದು. ಒಬ್ಬರು ಕ್ಯಾಶ್‌ಬ್ಯಾಕ್ ಅಂತಾರೆ, ಇನ್ನೊಬ್ಬರು ವೋಚರ್ ಅಂತಾರೆ, ಮತ್ತೊಬ್ಬರು ಸ್ವಾಗತದ ಕೊಡುಗೆ ಅಂತಾರೆ. ಹೆಸರು ಏನೇ ಇರಲಿ, ಪ್ರಶ್ನೆ ಒಂದೇ. ಹೋಗೋದಾ, ಬೇಡ್ವಾ?

ಹಣಕಾಸು ತಜ್ಞರನ್ನ ಸ್ಟುಡಿಯೋದಲ್ಲಿ ಕೂರಿಸಿ ಇದನ್ನ ಕೇಳಿದರೆ ಬಡ್ಡಿ ದರದಿಂದ ಶುರು ಮಾಡ್ತಾರೆ. ನಾನು ಹೊಸಪೇಟೆಯಿಂದ ಶುರು ಮಾಡ್ತೀನಿ. ಯಾಕಂದ್ರೆ, ಇಲ್ಲಿಗೆ ಬನ್ನಿ, ಬಂದರೆ ಲಾಭ ಮಾಡಿಕೊಡ್ತೀವಿ ಅನ್ನೋ ಆಫರು ಈ ಊರಿಗೆ ಹೊಸದಲ್ಲ. 500 ವರ್ಷದ ಹಿಂದೆ ಇದೇ ಮಣ್ಣಲ್ಲಿ ಅಂಥದ್ದೊಂದು ಆಫರು ಬಂದಿತ್ತು. ಕೊಟ್ಟವನು ಸಾಮಾನ್ಯದವನಲ್ಲ, ಸಾಕ್ಷಾತ್ ಕೃಷ್ಣದೇವರಾಯ.

ಹೊಸಪೇಟೆಯ ನೈಋತ್ಯಕ್ಕೆ, ಸಂಡೂರಿನ ಗುಡ್ಡಸಾಲು ಶುರುವಾಗೋ ಕಡೆ, ಎರಡು ಗುಡ್ಡಗಳ ನಡುವೆ ಒಂದು ಭಾರೀ ಏರಿ ಇದೆ. ದಕ್ಷಿಣಕ್ಕೆ ಹೋಗೋ ಹೆದ್ದಾರಿ ಆ ಏರಿ ಮೇಲೇ ಹಾದು ಹೋಗುತ್ತೆ. ಬಸ್ಸಲ್ಲಿ ಎಷ್ಟೋ ಸಲ ಹೋಗಿರ್ತೀರಿ, ಅದು ರಾಯರ ಕೆರೆ ಏರಿ ಅಂತ ಗಮನಿಸಿರೋದಿಲ್ಲ, ಅಷ್ಟೆ. 1520ರ ಆಸುಪಾಸಿನಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಕೆರೆ ಕಟ್ಟೋದನ್ನ ಕಣ್ಣಾರೆ ಕಂಡ. 15ರಿಂದ 20 ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡ್ತಿದ್ದರು ಅಂತ ಬರೆದಿದ್ದಾನೆ. ಏರಿ ಎರಡು ಮೂರು ಸಲ ಒಡೆಯಿತು ಅಂತಲೂ ಬರೆದಿದ್ದಾನೆ.

ಅವನಾದ ಮೇಲೆ, 1535ರ ಹೊತ್ತಿಗೆ, ನ್ಯೂನಿಜ್ ಅನ್ನೋ ಇನ್ನೊಬ್ಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಬಂದ. ವ್ಯಾಪಾರಿ ಕಣ್ಣು ನೋಡಿ, ಅವನಿಗೆ ಕಂಡಿದ್ದು ಕೆರೆ ಮಾತ್ರ ಅಲ್ಲ, ಕೆರೆ ಹಿಂದಿದ್ದ ಲೆಕ್ಕ. ಈ ಕೆರೆ ನೀರು ಹರಿಯೋ ಜಮೀನನ್ನ ರಾಯ ಜನರಿಗೆ 9 ವರ್ಷ ಕಂದಾಯವಿಲ್ಲದೆ ಬಿಟ್ಟುಕೊಟ್ಟ ಅಂತ ಅವನು ದಾಖಲಿಸಿದ್ದಾನೆ. ಗದ್ದೆ ಮಾಡ್ಕೊಳ್ಳಿ, ತೋಟ ಮಾಡ್ಕೊಳ್ಳಿ, ಭೂಮಿ ಹದಕ್ಕೆ ಬರೋ ತನಕ ಒಂದು ಕಾಸೂ ಕೊಡಬೇಡಿ. ಇದು ಆಫರು. ಮುಂದಿನ ಮಾತು ಇನ್ನೂ ಮುಖ್ಯ. ಆ ಭೂಮಿಯಿಂದ ಬರೋ ಆದಾಯ ಈಗಾಗಲೇ 20,000 ಪರ್ದಾವೊ ಮುಟ್ಟಿದೆ ಅಂತಾನೆ ನ್ಯೂನಿಜ್. ಪರ್ದಾವೊ ಅಂದ್ರೆ ನಮ್ಮ ವರಾಹಕ್ಕೆ ಪೋರ್ಚುಗೀಸರು ಇಟ್ಟ ಹೆಸರು. ಚಿನ್ನದ ನಾಣ್ಯ.

ಅಂದ್ರೆ ಏನಾಯ್ತು? ರಾಯ ದಾನ ಮಾಡಲಿಲ್ಲ, ಬಂಡವಾಳ ಹಾಕಿದ. 9 ವರ್ಷ ಬಿಟ್ಟ, ಆಮೇಲೆ ವರ್ಷ ವರ್ಷ ಎಣಿಸಿಕೊಂಡ. ಇದರಲ್ಲಿ ಮೋಸ ಇಲ್ಲ. ಬಂದವನಿಗೂ ಲಾಭ, ಕರೆದವನಿಗೂ ಲಾಭ. ಯಾಕಂದ್ರೆ ಅವಧಿ ಎಷ್ಟು ಅಂತ ಮೊದಲೇ ಗೊತ್ತಿತ್ತು, ನೀರು ಕಣ್ಣೆದುರಿಗೆ ಹರೀತಿತ್ತು, ಮತ್ತು ಆ 9 ವರ್ಷದಲ್ಲಿ ಬಂದವನ ಕೈಯಲ್ಲಿ ಒಂದು ತೋಟ ಉಳೀತಿತ್ತು.

ಆದರೂ ಒಂದು ಮಾತು ಹೇಳಲೇಬೇಕು. 1565ರಲ್ಲಿ ರಾಕ್ಷಸ-ತಂಗಡಗಿ ಯುದ್ಧ ಆಯ್ತು, ರಾಜಧಾನಿ ಖಾಲಿಯಾಯ್ತು. 1900ರಲ್ಲಿ ವಿಜಯನಗರದ ಚರಿತ್ರೆ ಬರೆದ ರಾಬರ್ಟ್ ಸ್ಯೂವೆಲ್, ಈ ದೊಡ್ಡ ಕೆರೆ ಎಷ್ಟೋ ವರ್ಷದಿಂದ ಉಪಯೋಗಕ್ಕೇ ಬಾರದೆ ಬಿದ್ದಿದೆ ಅಂತ ಬರೆದ. ಆಫರು ಕೊಟ್ಟ ಸಂಸ್ಥೆಯೇ ಉಳಿಯೋದಿಲ್ಲ ಅನ್ನೋ ಅಪಾಯ ಅವತ್ತೂ ಇತ್ತು.

ಈಗ ಹಂಪಿಗೆ ಬನ್ನಿ. 1443ರಲ್ಲಿ ಪರ್ಷಿಯಾದಿಂದ ಬಂದ ರಾಯಭಾರಿ ಅಬ್ದುಲ್ ರಜಾಕ್ ಸಂಬಳದ ವ್ಯವಸ್ಥೆ ಬಗ್ಗೆ ಬರೆದಿದ್ದಾನೆ. ಪ್ರಾಂತ್ಯಗಳ ಕಂದಾಯ ಬಂದು ಬೀಳೋದು ಟಂಕಸಾಲೆಗೆ. ಅರಮನೆಯಿಂದ ಯಾರಿಗೆ ಹಣ ಬರಬೇಕೋ ಅವರಿಗೆ ಟಂಕಸಾಲೆ ಮೇಲೆ ಚೀಟಿ. ಸೈನಿಕರಿಗೆ 4 ತಿಂಗಳಿಗೊಮ್ಮೆ ಸಂಬಳ. ಅದೂ ಅಲ್ಲಿಂದಲೇ. ಸೈನಿಕನಿಗೆ ಬೇರೆ ಟಂಕಸಾಲೆ ಆರಿಸಿಕೊಳ್ಳೋ ಅವಕಾಶ ಇತ್ತಾ? ಇಲ್ಲ. ಇವತ್ತು ಕಂಪನಿಯೋರು ಸಂಬಳದ ಖಾತೆ ಇಂಥಾ ಬ್ಯಾಂಕಲ್ಲೇ ತೆರೀಬೇಕು ಅಂದಾಗ ನಾವು ತಲೆ ಆಡಿಸ್ತೀವಲ್ಲ, ಅದು 580 ವರ್ಷದ ಅಭ್ಯಾಸ ಸ್ವಾಮಿ.

ಒತ್ತಾಯದ ಬದಲಾವಣೆಗೂ ಈ ಸೀಮೆಗೂ ಹಳೇ ನಂಟು. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. 1818ರಲ್ಲಿ ಮದ್ರಾಸಿನ ಕಂಪನಿ ಸರ್ಕಾರ ವರಾಹದ ಲೆಕ್ಕ ಬಿಟ್ಟು ರೂಪಾಯಿ ಲೆಕ್ಕಕ್ಕೆ ಬಂತು. 100 ವರಾಹಕ್ಕೆ 350 ರೂಪಾಯಿ ಅಂತ ದರ ಕಟ್ಟಿದರು. ರೈತನನ್ನ ಯಾರೂ ಕೇಳಲಿಲ್ಲ. ನಾಣ್ಯ ಬದಲಿಸಿಕೊಡೋಕೆ ಶರಾಫ ಕೂತಿದ್ದ, ವಟ್ಟ ಮುರ್ಕೊಂಡು ಕೊಡ್ತಿದ್ದ. ಬದಲಾವಣೆ ಮಾಡಿದವನು ದೊಡ್ಡೋನು, ವಟ್ಟ ಕೊಟ್ಟವನು ಸಣ್ಣೋನು. ಈ ಮಾತು ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಬ್ಯಾಂಕುಗಳ ಕಾಲಕ್ಕೆ ಬರೋಣ. ಕರ್ನಾಟಕದಲ್ಲಿ ಬ್ಯಾಂಕು ಅಂದ ಕೂಡಲೇ ಕರಾವಳಿ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್, 1931ರಲ್ಲಿ ವಿಜಯಾ. ಸಿಂಡಿಕೇಟ್‌ನವರು 1928ರಲ್ಲಿ ಪಿಗ್ಮಿ ಶುರು ಮಾಡಿದರು. ದಿನಕ್ಕೆ 2 ಆಣೆ. ಗಿರಾಕಿ ಬ್ಯಾಂಕಿಗೆ ಹೋಗಬೇಕಾಗಿಲ್ಲ, ಏಜೆಂಟನೇ ಮನೆ ಬಾಗಿಲಿಗೆ ಬರ್ತಾನೆ. ಇವತ್ತಿಗೂ ಹೊಸಪೇಟೆ ಬಜಾರಲ್ಲಿ ಸಂಜೆ ಹೊತ್ತು ಅಂಗಡಿ ಮುಂದೆ ಬೈಕ್ ನಿಲ್ಲಿಸಿ "ಅಣ್ಣಾ, ಪಿಗ್ಮಿ" ಅಂತ ಕೈ ಚಾಚಿದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಪಿಗ್ಮಿ ಕಟ್ಟೋನಿಗೆ ಬ್ಯಾಂಕಿನ ಹೆಸರು ಮುಖ್ಯ ಅಲ್ಲ. ಏಜೆಂಟ್ ಯಾರು ಅನ್ನೋದು ಮುಖ್ಯ. ಏಜೆಂಟ್ ಬೇರೆ ಸೊಸೈಟಿಗೆ ಹೋದರೆ ಗಿರಾಕಿಯೂ ಅವನ ಹಿಂದೆ ಹೋಗ್ತಾನೆ. ಯಾವ ಕ್ಯಾಶ್‌ಬ್ಯಾಕೂ ಬೇಕಾಗಿಲ್ಲ.

ಹಾಗಾದ್ರೆ ಬ್ಯಾಂಕುಗಳು ದುಡ್ಡು ಕೊಟ್ಟು ಗಿರಾಕಿ ಎಳೆಯೋ ಆಟ ಯಾವಾಗ ಶುರುವಾಯ್ತು? ನಮ್ಮಲ್ಲಿ ಬಹಳ ತಡವಾಗಿ. 2011ರ ಅಕ್ಟೋಬರ್ 25ರ ತನಕ ಉಳಿತಾಯ ಖಾತೆಯ ಬಡ್ಡಿಯನ್ನ ರಿಸರ್ವ್ ಬ್ಯಾಂಕೇ ನಿಗದಿ ಮಾಡ್ತಿತ್ತು. ಎಲ್ಲ ಬ್ಯಾಂಕಿಗೂ ಒಂದೇ ದರ. ಹೆಚ್ಚು ಕೊಡಬೇಕು ಅಂದ್ರೂ ಕೊಡೋ ಹಾಗಿರಲಿಲ್ಲ. ಆಗ ಒಂದು ಬ್ಯಾಂಕಿಗೂ ಇನ್ನೊಂದಕ್ಕೂ ಇದ್ದ ವ್ಯತ್ಯಾಸ ಅಂದ್ರೆ ಕ್ಯಾಲೆಂಡರು, ಮತ್ತೆ ಮ್ಯಾನೇಜರ್ ಕುರ್ಚಿ ತೋರಿಸಿ "ಕೂತ್ಕೊಳ್ಳಿ ಗೌಡ್ರೇ" ಅನ್ನೋ ಮಾತು. ತಮಾಷೆಗೆ ಹೇಳ್ತಿಲ್ಲ, ಆ ಮಾತಿಗೆ ಬೆಲೆ ಇತ್ತು. ದರ ಬಿಟ್ಟುಕೊಟ್ಟ ಮೇಲೆ ಕೆಲವು ಖಾಸಗಿ ಬ್ಯಾಂಕುಗಳು 6 ಪರ್ಸೆಂಟ್ ಕೊಡ್ತೀವಿ ಅಂತ ಜಾಹೀರಾತು ಹಾಕಿದವು. ದೊಡ್ಡ ಬ್ಯಾಂಕುಗಳು ಕದಲಲಿಲ್ಲ. ಇವತ್ತು? 2025ರ ಜೂನ್‌ನಿಂದ ಸ್ಟೇಟ್ ಬ್ಯಾಂಕಿನ ಉಳಿತಾಯ ಖಾತೆ ಬಡ್ಡಿ ಎರಡೂವರೆ ಪರ್ಸೆಂಟು.

ಇನ್ನು ಉಡುಗೊರೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ರಿಸರ್ವ್ ಬ್ಯಾಂಕಿನ 2016ರ ನಿರ್ದೇಶನ ನೋಡಿ. ಠೇವಣಿ ಸೆಳೆಯೋಕೆ ಬ್ಯಾಂಕು ಲಾಟರಿ ಇಡಬಾರದು, ಬಹುಮಾನ ಇಡಬಾರದು, ಪುಕ್ಕಟೆ ಪ್ರವಾಸ ಕರ್ಕೊಂಡು ಹೋಗಬಾರದು. ಠೇವಣಿ ಇಡೋ ಗಿರಾಕಿಗೆ ಉಡುಗೊರೆ ಕೊಡಬಹುದು, ಆದರೆ ಅದರ ಬೆಲೆ 250 ರೂಪಾಯಿ ಮೀರಬಾರದು. 250! ಒಂದು ಸ್ಟೀಲ್ ಡಬ್ಬಿ, ಒಂದು ಗೋಡೆ ಗಡಿಯಾರ. ಬ್ರಿಟನ್‌ನಲ್ಲಿ ಹಾಗಲ್ಲ. ಅಲ್ಲಿ 2013ರ ಸೆಪ್ಟೆಂಬರ್‌ನಿಂದ ಖಾತೆ ಬದಲಿಸೋದಕ್ಕೇ ಒಂದು ಪ್ರತ್ಯೇಕ ವ್ಯವಸ್ಥೆ ಇದೆ. 7 ಕೆಲಸದ ದಿನದಲ್ಲಿ ಸಂಬಳ, ಬಿಲ್ಲು, ಎಲ್ಲವೂ ಹೊಸ ಬ್ಯಾಂಕಿಗೆ ತಾನಾಗೇ ಹೋಗುತ್ತೆ. ಬಂದೋರಿಗೆ ಬ್ಯಾಂಕುಗಳು 150, 200 ಪೌಂಡ್ ನಗದು ಕೊಡ್ತವೆ. ನಮ್ಮಲ್ಲಿ ರಿಸರ್ವ್ ಬ್ಯಾಂಕಿನ ಉಪ ಗವರ್ನರ್ ಆಗಿದ್ದ ಎಸ್. ಎಸ್. ಮುಂದ್ರಾ 2017ರಲ್ಲಿ, ಮೊಬೈಲ್ ನಂಬರ್ ಹಾಗೆ ಖಾತೆ ನಂಬರನ್ನೂ ಬೇರೆ ಬ್ಯಾಂಕಿಗೆ ಒಯ್ಯೋ ಹಾಗಾಗಬೇಕು ಅಂದಿದ್ದರು. ಅಂದಿದ್ದು ಅಲ್ಲಿಗೇ ನಿಂತಿದೆ.

ಮತ್ತೆ ಈ 500, 1,000ದ ಮೆಸೇಜು ಎಲ್ಲಿಂದ ಬರ್ತಾವೆ? ಓದಿ ನೋಡಿ, ಠೇವಣಿ ಇಟ್ಟಿದ್ದಕ್ಕೆ ಅಂತ ಇರೋದಿಲ್ಲ. ಕಾರ್ಡು ಉಜ್ಜಿದ್ದಕ್ಕೆ, ಆ್ಯಪಲ್ಲಿ ಕಳಿಸಿದ್ದಕ್ಕೆ, ಇಂಥಾ ಅಂಗಡೀಲಿ ಕೊಂಡಿದ್ದಕ್ಕೆ. ಲಾಟರಿ ಬ್ಯಾಂಕಿಗೆ ನಿಷೇಧ. ಆದರೆ ಪಾವತಿ ಆ್ಯಪಿನ ಸ್ಕ್ರ್ಯಾಚ್ ಕಾರ್ಡ್? ಉಜ್ಜಿದರೆ "ಬೆಟರ್ ಲಕ್ ನೆಕ್ಸ್ಟ್ ಟೈಮ್". ಲಾಟರಿಗೆ ಇನ್ನೇನು ಕೊಂಬು ಇರುತ್ತಾ?

ಈಗ ನನಗೆ ಮುಖ್ಯ ಅನ್ನಿಸೋ ಕಥೆ. ಕಂಪ್ಲಿ ಕಡೆ ಒಂದು ಹಳ್ಳಿ. 1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕು ಹುಟ್ಟಿತು, ಕೆನರಾ ಬ್ಯಾಂಕಿನ ಆಸರೆಯಲ್ಲಿ. ಹೊಳೆಯ ಹೆಸರು, ನಮ್ಮೂರ ಬ್ಯಾಂಕು. ಒಬ್ಬ ರೈತ ಆಗ ಖಾತೆ ತೆರೆದ ಅಂತ ಇಟ್ಕೊಳ್ಳಿ. ಅವನು ಆಮೇಲೆ ಎಲ್ಲೂ ಹೋಗಲಿಲ್ಲ, ಯಾವ ಆಫರಿಗೂ ಬೀಳಲಿಲ್ಲ. 2005ರಲ್ಲಿ ತುಂಗಭದ್ರಾ, ಚಿತ್ರದುರ್ಗ, ಕೋಲಾರ, ಸಹ್ಯಾದ್ರಿ ಬ್ಯಾಂಕುಗಳು ಕೂಡಿ ಪ್ರಗತಿ ಗ್ರಾಮೀಣ ಬ್ಯಾಂಕಾಯ್ತು. 2013ರಲ್ಲಿ ಕಲಬುರಗಿಯ ಕೃಷ್ಣಾ ಗ್ರಾಮೀಣ ಬ್ಯಾಂಕು ಬಂದು ಸೇರಿ ಪ್ರಗತಿ ಕೃಷ್ಣಾ ಆಯ್ತು. 2019ರ ಏಪ್ರಿಲ್ 1ಕ್ಕೆ ಮೈಸೂರಿನ ಕಾವೇರಿಯೂ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯ್ತು. 2025ರ ಮೇ 1ಕ್ಕೆ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಕೂಡಿ ಮತ್ತೆ ಹೊಸ ಬ್ಯಾಂಕು. ಈ ಸಲ ಹೆಸರು? ಕರ್ನಾಟಕ ಗ್ರಾಮೀಣ ಬ್ಯಾಂಕು. ಇಂಗ್ಲಿಷ್ ಸ್ಪೆಲ್ಲಿಂಗಲ್ಲಿ ಒಂದೆರಡು ಅಕ್ಷರ ಆಚೀಚೆ ಆಯ್ತು, ಕನ್ನಡದಲ್ಲಿ ಅದೂ ಇಲ್ಲ. ಪ್ರಧಾನ ಕಚೇರಿ ಬಳ್ಳಾರಿಯಲ್ಲೇ ಉಳೀತು ಅನ್ನೋದು ಸಮಾಧಾನ.

ಲೆಕ್ಕ ಹಾಕಿ. ಕೂತಲ್ಲೇ ಕೂತ ರೈತನ ಬ್ಯಾಂಕು 4 ಸಲ ಬದಲಾಯ್ತು. ಅವನಿಗೆ ಎಷ್ಟು ಕ್ಯಾಶ್‌ಬ್ಯಾಕ್ ಬಂತು? ಸೊನ್ನೆ. ಬಂದಿದ್ದು ಹೊಸ ಪಾಸ್‌ಬುಕ್ಕು, ಮತ್ತೆ ಜೆರಾಕ್ಸ್ ಅಂಗಡಿ ಖರ್ಚು. ಸಿಂಡಿಕೇಟ್ ಬ್ಯಾಂಕಿನ ಗಿರಾಕಿಗಳಿಗೂ ಇದೇ ಆಯ್ತು. 2020ರ ಏಪ್ರಿಲ್ 1ಕ್ಕೆ ಅದು ಕೆನರಾದಲ್ಲಿ ಕರಗಿತು, 2021ರ ಜುಲೈ 1ರಿಂದ ಹಳೇ ಐಎಫ್‌ಎಸ್‌ಸಿ ಕೋಡು ನಡೆಯಲ್ಲ ಅಂದರು. ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಹೋಯ್ತು, ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ. 1818ರ ಶರಾಫನ ವಟ್ಟ ನೆನಪಾಯ್ತಾ? ಅದಕ್ಕೇ ಹೇಳೋದು, "ನಮ್ಮ ಹಳೇ ಬ್ಯಾಂಕು, ನಿಷ್ಠೆ ಬಿಡಬಾರದು" ಅನ್ನೋ ಭಾವನೆಗೆ ಬಿದ್ದು ಯಾರೂ ತೀರ್ಮಾನ ಮಾಡಬೇಡಿ. ಬ್ಯಾಂಕು ನಿಮ್ಮನ್ನ ಕೇಳಿ ಹೆಸರು ಬದಲಿಸಲಿಲ್ಲ. ನೀವೂ ಬ್ಯಾಂಕನ್ನ ಕೇಳಿ ಹೋಗಬೇಕಾಗಿಲ್ಲ.

(ನಡುವೆ ಒಂದು ಮಾತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆ, ಹಂಪಿ ಹೊಸ ಜಿಲ್ಲೆಗೆ ಬಂದವು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆದರೂ ಇವತ್ತಿಗೂ ಬಳ್ಳಾರಿ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕಿನ ಪ್ರಧಾನ ಕಚೇರಿ ಇರೋದು ಹೊಸಪೇಟೆಯಲ್ಲಿ. ದುಡ್ಡಿನ ನಕ್ಷೆಗೂ ಜಿಲ್ಲೆ ನಕ್ಷೆಗೂ ಜಗಳವೇ ಇಲ್ಲ.)

ನಿಷ್ಠೆ ಬೇಡ, ಸರಿ. ಹಾಗಂತ ದುಡುಕಿ ಹೋಗಬಹುದಾ? ಇಲ್ಲಿ ನಿಜವಾದ ಅಪಾಯ ಇದೆ.

2014ರ ಆಗಸ್ಟ್ 28ಕ್ಕೆ ಜನಧನ ಯೋಜನೆ ಬಂತು. ರುಪೇ ಕಾರ್ಡು, ಅದರ ಜೊತೆ 1 ಲಕ್ಷದ ಅಪಘಾತ ವಿಮೆ. ಮೊದಲೇ ಖಾತೆ ಇದ್ದೋರೂ ವಿಮೆ ಆಸೆಗೆ ಇನ್ನೊಂದು ತೆರೆದರು. ಆದರೆ ಷರತ್ತು ಏನಿತ್ತು? ಅಪಘಾತಕ್ಕೆ ಮುಂಚಿನ 45 ದಿನದೊಳಗೆ ಆ ಕಾರ್ಡನ್ನ ಒಂದು ಸಲನಾದ್ರೂ ಬಳಸಿರಬೇಕಿತ್ತು. ಕಾರ್ಡನ್ನ ಅಕ್ಕಿ ಡಬ್ಬೀಲಿ ಜೋಪಾನ ಮಾಡಿಟ್ಟವರ ಮನೆಗೆ ವಿಮೆ ಎಲ್ಲಿಂದ ಬರಬೇಕು? ಆಮೇಲೆ ಈ ದಿನಗಳನ್ನ ಹೆಚ್ಚಿಸಿದರು, ಆ ಮಾತು ಬೇರೆ.

2017ರಲ್ಲಿ ಆಗಿದ್ದು ಇನ್ನೂ ದೊಡ್ಡದು. ಸಿಮ್ಮಿಗೆ ಆಧಾರ್ ಜೋಡಿಸಿ ಅಂತ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದೇ ಹೆಬ್ಬೆಟ್ಟಿಗೆ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಲ್ಲಿ ಖಾತೆ ತೆರೆದುಕೊಂಡಿದ್ದು ಬಯಲಾಯ್ತು. ಲಕ್ಷಾಂತರ ಜನರ ಗ್ಯಾಸ್ ಸಬ್ಸಿಡಿ ಅವರಿಗೇ ಗೊತ್ತಿಲ್ಲದ ಆ ಖಾತೆಗೆ ಹೋಗ್ತಿತ್ತು. ಡಿಸೆಂಬರಲ್ಲಿ ಆಧಾರ್ ಪ್ರಾಧಿಕಾರ ಅವರ ಇ-ಕೆವೈಸಿ ಪರವಾನಗಿ ತಾತ್ಕಾಲಿಕವಾಗಿ ತಡೆಹಿಡಿಯಿತು, ಮರುವರ್ಷ ರಿಸರ್ವ್ ಬ್ಯಾಂಕು 5 ಕೋಟಿ ದಂಡ ಹಾಕಿತು.

ಇದು ಹೇಗೆ ಸಾಧ್ಯ ಆಯ್ತು? ಒಂದು ಆಧಾರ್‌ಗೆ ಎಷ್ಟು ಖಾತೆ ಬೇಕಾದರೂ ಇರಬಹುದು. ಆದರೆ ಆಧಾರ್ ನಂಬರ್ ಹಿಡಿದು ಸರ್ಕಾರ ಹಾಕೋ ದುಡ್ಡು ಹೋಗೋದು ಒಂದೇ ಬ್ಯಾಂಕಿಗೆ. ಯಾವುದಕ್ಕೆ? ಕೊನೆಯದಾಗಿ ಯಾವ ಬ್ಯಾಂಕು ಆ ಪಟ್ಟಿಯಲ್ಲಿ ಜೋಡಣೆ ಆಯ್ತೋ ಅದಕ್ಕೆ. ಈಗ ಕಂಪ್ಲಿಯ ಒಬ್ಬ ತಾಯಿಯನ್ನ ಯೋಚಿಸಿ. 2023ರ ಆಗಸ್ಟ್ 30ಕ್ಕೆ ಗೃಹಲಕ್ಷ್ಮಿ ಶುರುವಾಯ್ತು, ತಿಂಗಳಿಗೆ 2,000. "ಅಕ್ಕಾ, ಇಲ್ಲೊಂದು ಹೆಬ್ಬೆಟ್ಟು ಒತ್ತಿ, ಡಬ್ಬಿ ಕೊಡ್ತೀವಿ" ಅಂತ ಕ್ಯಾಂಪಲ್ಲಿ ಕೂತ ಹುಡುಗ ಅಂತಾನೆ. ಒತ್ತಿದಳು. ಫಾರಂನಲ್ಲಿ ಸರ್ಕಾರಿ ದುಡ್ಡೂ ಇಲ್ಲಿಗೇ ಬರಲಿ ಅನ್ನೋ ಜಾಗಕ್ಕೆ ಟಿಕ್ ಬಿತ್ತು. ಮುಂದಿನ ತಿಂಗಳು ಹಳೇ ಬ್ಯಾಂಕಿಗೆ ಹೋದರೆ "ಯಮ್ಮಾ, ನಿನ್ ದುಡ್ಡು ಬಂದಿಲ್ಲ" ಅಂತಾರೆ. ದುಡ್ಡು ಬಂದಿರುತ್ತೆ, ಬೇರೆ ಕಡೆ ಬಂದಿರುತ್ತೆ. ಅದನ್ನ ಹುಡುಕೋಕೆ ಎರಡು ದಿನದ ಕೂಲಿ ಹೋಗುತ್ತೆ.

ಖಾತೆ ಬದಲಿಸೋ ತಾಕತ್ತು ಯಾರಿಗಿದೆ ಅಂತ ನೋಡಬೇಕಾ? 2024ರ ಆಗಸ್ಟ್ 12ಕ್ಕೆ ಕರ್ನಾಟಕ ಸರ್ಕಾರವೇ ಒಂದು ಆದೇಶ ಹೊರಡಿಸಿತು. ಎಸ್‌ಬಿಐ ಮತ್ತು ಪಂಜಾಬ್ ನ್ಯಾಷನಲ್ ಬ್ಯಾಂಕಲ್ಲಿರೋ ಎಲ್ಲ ಇಲಾಖೆಗಳ, ನಿಗಮಗಳ ಖಾತೆ ಮುಚ್ಚಿ, ದುಡ್ಡು ವಾಪಸ್ ತನ್ನಿ ಅಂತ. ಹಿಂದೆ ಇಟ್ಟಿದ್ದ ಠೇವಣಿಯ ದುಡ್ಡು ಬ್ಯಾಂಕುಗಳು ಮರಳಿಸಲಿಲ್ಲ ಅನ್ನೋ ತಕರಾರು ಅದು. ಬ್ಯಾಂಕುಗಳು ಓಡಿ ಬಂದವು, ಸಮಯ ಕೇಳಿದವು, ನಾಲ್ಕೇ ದಿನದಲ್ಲಿ ಆದೇಶವನ್ನ 15 ದಿನ ತಡೆಹಿಡಿದರು. ಹೋಗ್ತೀನಿ ಅಂದ್ರೆ ಬ್ಯಾಂಕು ಹೆದರೋದು ಅಂಥಾ ಗಿರಾಕಿಗೆ. ಕಂಪ್ಲಿಯ ತಾಯಿ ಹೋಗ್ತೀನಿ ಅಂದ್ರೆ ಕ್ಲೋಷರ್ ಫಾರಂ ಆ ಕೌಂಟರಲ್ಲಿದೆ ಅಂತಾರೆ.

ಸರಿ, ತೀರ್ಮಾನಕ್ಕೆ ಬರೋಣ. ಎಲ್ಲರಿಗೂ ಒಂದೇ ಉತ್ತರ ನನ್ನ ಹತ್ತಿರ ಇಲ್ಲ.

ಸಂಡೂರಿನ ಕಡೆ ತಿಂಗಳ ಸಂಬಳ ತಗೊಳ್ಳೋರು ಹೋಗಬಹುದು. ಸಂಬಳದ ಪ್ಯಾಕೇಜ್ ಖಾತೆಗೆ ಅಪಘಾತ ವಿಮೆ ಇರುತ್ತೆ, ಕನಿಷ್ಠ ಬಾಕಿಯ ತಲೆನೋವು ಇರೋದಿಲ್ಲ. 500 ರೂಪಾಯಿ ನೋಡಬೇಡಿ, ವಿಮೆ ಎಷ್ಟು, ಕೆಲಸ ಬಿಟ್ಟರೆ ಅದೇ ಖಾತೆ ಏನಾಗುತ್ತೆ ಅಂತ ಕೇಳಿ. ಕೆಲಸ ಹೋದ ಮೇಲೆ ಅದು ಸಾಮಾನ್ಯ ಖಾತೆ ಆಗುತ್ತೆ, ಕನಿಷ್ಠ ಬಾಕಿ ಷರತ್ತು ಬಂದು ಕೂರುತ್ತೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದಾಗ ಸಂಬಳ ನಿಲ್ಲೋದು ಅಂದ್ರೇನು ಅಂತ ಸಂಡೂರಿಗೆ ಗೊತ್ತಾಗಿದೆ.

ಹೊಸಪೇಟೆಯ ಅಂಗಡಿಯವರಿಗೆ ಒಂದು ಲೆಕ್ಕ. ಹೊಸ ಬ್ಯಾಂಕು ಸದಾ 10,000 ಇಟ್ಟಿರಬೇಕು ಅನ್ನುತ್ತೆ ಅಂದ್ಕೊಳ್ಳಿ. ಎರಡೂವರೆ ಪರ್ಸೆಂಟಿಗೆ ವರ್ಷಕ್ಕೆ 250 ಬಡ್ಡಿ. ಅದನ್ನೇ 6 ಪರ್ಸೆಂಟಿನ ಠೇವಣಿಗೆ ಹಾಕಿದರೆ 600. ಅಂದ್ರೆ ವರ್ಷಕ್ಕೆ 350 ನಷ್ಟ. 500 ರೂಪಾಯಿ ಕೊಡುಗೆ ಒಂದೂವರೆ ವರ್ಷಕ್ಕೆ ಕರಗಿ ಹೋಯ್ತು. ಷರತ್ತು ಬದಲಾಗೋದಿಲ್ಲ ಅನ್ನೋ ಭರವಸೆಯೂ ಇಲ್ಲ. 2025ರ ಆಗಸ್ಟಲ್ಲಿ ಒಂದು ದೊಡ್ಡ ಖಾಸಗಿ ಬ್ಯಾಂಕು ನಗರದ ಹೊಸ ಖಾತೆಗಳಿಗೆ ಕನಿಷ್ಠ ಬಾಕಿ 50,000 ಅಂತು, ಜನ ಬೈದ ಮೇಲೆ ಕೆಲವೇ ದಿನದಲ್ಲಿ 15,000ಕ್ಕೆ ಇಳಿಸಿತು. ಅದೇ ವರ್ಷ ಜೂನ್‌ನಿಂದ ಕೆನರಾ ಬ್ಯಾಂಕು ಉಳಿತಾಯ ಖಾತೆಗೆ ಕನಿಷ್ಠ ಬಾಕಿಯ ದಂಡವನ್ನೇ ತೆಗೆದುಹಾಕಿತ್ತು. ಕೊಡುಗೆ ಇಲ್ಲದ ಬ್ಯಾಂಕೇ ಅಗ್ಗ ಆದರೂ ಆಗಬಹುದು. ಇನ್ನು ಯಾವುದೋ ಸೊಸೈಟಿ ಹೆಚ್ಚು ಬಡ್ಡಿ ಕೊಡುತ್ತೆ ಅಂತ ಗಂಟು ಹೊತ್ತು ಹೋಗೋದಾದ್ರೆ, ನಿಲ್ಲಿ. ಬ್ಯಾಂಕು ಮುಳುಗಿದರೆ 2020ರಿಂದ ಒಬ್ಬರಿಗೆ 5 ಲಕ್ಷದ ತನಕ ಠೇವಣಿ ವಿಮೆ ಇದೆ. ಪತ್ತಿನ ಸಹಕಾರ ಸಂಘಕ್ಕೆ ಆ ವಿಮೆ ಇಲ್ಲ. ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮುಂದೆ 2020ರ ಜನವರಿಯಲ್ಲಿ ನಿಂತಿದ್ದ ಹಿರಿಯರ ಸಾಲು ಟೀವಿಯಲ್ಲಿ ನೋಡಿದ್ದೀರಿ. ವಿಮೆ ಇದ್ದ ಬ್ಯಾಂಕೇ ಅದು, ಆದರೂ ಮೊದಲು ತೆಗೆಯೋಕೆ ಬಿಟ್ಟಿದ್ದು 35,000 ಮಾತ್ರ.

ಕಂಪ್ಲಿಯ ತಾಯಿಗೆ, ಅವಳ ಗಂಡನಿಗೆ ನನ್ನ ಮಾತು ಬೇಡ ಅಂತಲೇ. ಖಾತೆ ಒಂದೇ ಆಗಿದ್ದರೆ ಹೋಗಬಹುದಿತ್ತು. ಅದಕ್ಕೆ ಅಂಟಿಕೊಂಡು ಗೃಹಲಕ್ಷ್ಮಿ ಇದೆ, ಗ್ಯಾಸ್ ಇದೆ, ಬೆಳೆ ವಿಮೆ ಇದೆ, ಬೆಳೆ ಸಾಲ ಇದೆ. ಸಾಲ ಬಿಡಿಸಿಕೊಳ್ಳಬೇಕಾದರೆ ಬೇಬಾಕಿ ಪತ್ರ ಬೇಕು, ಹೊಸ ಬ್ಯಾಂಕಲ್ಲಿ ಸಾಲ ಕೇಳಬೇಕಾದರೆ ಸುತ್ತಲಿನ ಬ್ಯಾಂಕುಗಳ ಬೇಬಾಕಿಯೂ ಬೇಕಾಗಬಹುದು. ನಾಟಿ ಹೊತ್ತಿಗೆ ಸಾಲ ತಪ್ಪಿದರೆ ಡಬ್ಬಿ ತಗೊಂಡು ಏನು ಮಾಡ್ತೀರಿ? ಹೊಸ ಖಾತೆ ಬೇಕೇ ಬೇಕು ಅಂದ್ರೆ ತೆರೆಯಿರಿ, ಹಳೇದು ಮುಚ್ಚಬೇಡಿ. ಸರ್ಕಾರದ ದುಡ್ಡು ಈ ಬ್ಯಾಂಕಿಗೆ ಬರಲಿ ಅನ್ನೋ ಸಾಲಿಗೆ ಟಿಕ್ ಹಾಕಿಸಬೇಡಿ. ಹಾಕಿಬಿಟ್ಟಿದ್ದರೆ ಹಳೇ ಬ್ರ್ಯಾಂಚಿಗೆ ಆಧಾರ್ ತಗೊಂಡು ಹೋಗಿ, ಜೋಡಣೆ ಇಲ್ಲಿಗೇ ವಾಪಸ್ ಮಾಡಿಕೊಡಿ ಅಂತ ಅರ್ಜಿ ಬರೆದು ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಮನೆಗೆ ತನ್ನಿ.